ಗೆದ್ದವರ ಅವಸರ, ಅಚ್ಚಿನ ತಪ್ಪು



ಹಳೆ ಗೋವಾಕ್ಕೆ ಹೋದವರು ಇಗರ್ಜಿಗಳನ್ನು ನೋಡಿ ಬರುತ್ತಾರೆ. ಅದೇ ಊರಲ್ಲಿ ಒಂದು ಟಂಕಸಾಲೆ ಇತ್ತು ಎಂಬುದು ಹೆಚ್ಚಿನವರಿಗೆ ನೆನಪಿಲ್ಲ. ಅದು ಶುರುವಾದದ್ದು 1510ರಲ್ಲಿ. ಆ ವರ್ಷದ ಫೆಬ್ರವರಿ ನಡುವಿನಲ್ಲಿ ಪೋರ್ಚುಗೀಸ್ ಗವರ್ನರ್ ಅಫೊನ್ಸೊ ದ ಅಲ್ಬುಕರ್ಕ್ ಬಿಜಾಪುರದ ಆದಿಲ್ ಶಾಹಿಗಳ ಕೈಯಿಂದ ಗೋವಾವನ್ನು ಕಿತ್ತುಕೊಂಡ. ಮಾರ್ಚ್ ತಿಂಗಳಲ್ಲೇ ಅವನ ಹೊಸ ನಾಣ್ಯ ಬೀದಿಗೆ ಬಂತು. ಸುಮ್ಮನೆ ಬರಲಿಲ್ಲ. ಮೆರವಣಿಗೆ ಹೊರಡಿಸಿ, ಇದು ಇನ್ನು ಮುಂದೆ ಚಲಾವಣೆಯ ದುಡ್ಡು ಎಂದು ಸಾರಿಸಿದರು.

ಟಂಕಸಾಲೆ ತೆರೆಯಿರಿ ಎಂದು ಅಲ್ಬುಕರ್ಕನನ್ನು ಕೇಳಿಕೊಂಡವರಲ್ಲಿ ನಮ್ಮ ಹೊನ್ನಾವರದ ಕಡೆಯ ತಿಮ್ಮೋಜನೂ ಇದ್ದ. ಅಲ್ಬುಕರ್ಕನ ಮಗ ಅಪ್ಪನ ಬಗ್ಗೆ ಬರೆದ ವೃತ್ತಾಂತದಲ್ಲಿ ಈ ಮಾತು ಬರುತ್ತದೆ. ಪೋರ್ಚುಗೀಸರಿಗೆ ಗೋವಾದ ದಾರಿ ತೋರಿಸಿದವನೂ ಇದೇ ತಿಮ್ಮೋಜ. ಅವನಿಗೆ ನಾಣ್ಯದ ಚಿಂತೆ ಹತ್ತಿದ್ದು ಸಹಜ. ಸಂತೆಯಲ್ಲಿ ಸೋತವನ ದುಡ್ಡೇ ಓಡಾಡುತ್ತಿದ್ದರೆ ಗೆದ್ದವನು ಯಾರು ಎಂದು ಜನ ನಂಬುವುದು ಹೇಗೆ?

ಹಾಗಾಗಿ ಚಿನ್ನ, ಬೆಳ್ಳಿ, ತಾಮ್ರ ಮೂರರಲ್ಲೂ ನಾಣ್ಯ ಹೊಡೆದರು. ಬೆಳ್ಳಿಯದಕ್ಕೆ ಎಸ್ಪೆರಾ ಎಂದು ಹೆಸರು. ಅರ್ಧ ಎಸ್ಪೆರಾ ಕೂಡ ಇತ್ತು. ಅದು ಹೇಗಿತ್ತು ಎಂದು ಹೇಳುತ್ತೇನೆ, ಕಣ್ಣಮುಂದೆ ತಂದುಕೊಳ್ಳಿ. ಒಂದು ಬದಿಗೆ ಆರ್ಡರ್ ಆಫ್ ಕ್ರೈಸ್ಟ್ ಎಂಬ ಪೋರ್ಚುಗೀಸ್ ಪಂಗಡದ ಶಿಲುಬೆ. ಇನ್ನೊಂದು ಬದಿಗೆ ಒಂದು ಗೋಳ. ನೌಕಾಯಾನಿಗಳು ಆಕಾಶದ ಲೆಕ್ಕ ಹಾಕಲು ಬಳಸುತ್ತಿದ್ದ ಬಳೆಬಳೆಯ ಗೋಳ ಅದು. ಪೋರ್ಚುಗಲ್ಲಿನ ರಾಜ ಮಾನುಯೆಲನ ಲಾಂಛನ. ಗೆದ್ದ ಅಲ್ಬುಕರ್ಕನ ಮುಖ ಅದರ ಮೇಲಿಲ್ಲ. ಸಮುದ್ರ ನಮ್ಮದು ಎಂಬ ಮಾತು ಮಾತ್ರ ಇದೆ.

ಇಷ್ಟಾದ ಮೇಲೆ ಏನಾಯಿತು? ಮೇ ತಿಂಗಳಲ್ಲಿ ಆದಿಲ್ ಶಾಹನ ಸೈನ್ಯ ಬಂತು. ಅಲ್ಬುಕರ್ಕ್ ಊರು ಬಿಟ್ಟು ಹಡಗು ಹತ್ತಬೇಕಾಯಿತು. ಮೆರವಣಿಗೆ ಮಾಡಿ ಸಾರಿದ ಗೆಲುವು ಮೂರು ತಿಂಗಳು ಬಾಳಿತು. ಮತ್ತೆ ಗೋವಾ ಅವನ ಕೈಗೆ ಸಿಕ್ಕಿದ್ದು ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ.

ಇವತ್ತು ನಾನು ಮಾತಾಡಬೇಕೆಂದಿರುವುದು ಇಂಥ ಗೆಲುವಿನ ಬೆಳ್ಳಿ ನಾಣ್ಯಗಳ ಬಗ್ಗೆ. ಅದರಲ್ಲೂ ಅವುಗಳ ಮೇಲೆ ಉಳಿದುಬಂದಿರುವ ತಪ್ಪುಗಳ ಬಗ್ಗೆ. ಗೆಲುವಿನ ನಾಣ್ಯ ಯಾವಾಗಲೂ ಅವಸರದ ನಾಣ್ಯ. ಅವಸರದಲ್ಲಿ ತಪ್ಪಾಗುತ್ತದೆ. ಆ ತಪ್ಪು, ನಾಣ್ಯ ಹೊಡೆಸಿದವನು ಹೇಳದ ಸಂಗತಿಯನ್ನು ನಮಗೆ ಹೇಳುತ್ತದೆ.

ಮೊದಲು ನಾಣ್ಯ ಹೊಡೆಯುವ ಬಗೆ ತಿಳಿಯೋಣ. ಯಂತ್ರ ಬರುವ ಮೊದಲು ರೋಮಿನಲ್ಲೂ ಅಷ್ಟೇ, ಗೋವಾದಲ್ಲೂ ಅಷ್ಟೇ, ಕೆಲಸ ಕೈಯದು. ಎರಡು ಅಚ್ಚು ಬೇಕು. ಒಂದನ್ನು ಅಡಿಗಲ್ಲಿನಲ್ಲಿ ಹುಗಿದು ನಿಲ್ಲಿಸುತ್ತಾರೆ. ಇನ್ನೊಂದು ಆಳಿನ ಕೈಯಲ್ಲಿರುತ್ತದೆ. ನಡುವೆ ಬೆಳ್ಳಿಯ ಬಿಲ್ಲೆ ಇಟ್ಟು ಮೇಲಿನಿಂದ ಸುತ್ತಿಗೆ ಏಟು. ಒಂದು ಏಟಿಗೆ ಎರಡು ಮುಖವೂ ಮೂಡುತ್ತವೆ.

ಬಿಲ್ಲೆ ಸ್ವಲ್ಪ ಸರಿದರೆ ಚಿತ್ರ ಓರೆಯಾಗಿ, ಅರ್ಧ ಅಕ್ಷರ ಹೊರಗೆ ಬೀಳುತ್ತದೆ. ಏಟು ಎರಡು ಸಲ ಬಿದ್ದರೆ ರಾಜನಿಗೆ ಎರಡು ಮೂಗು. ಇನ್ನೊಂದು ವಿಚಿತ್ರ ತಪ್ಪಿದೆ. ಹೊಡೆದ ನಾಣ್ಯ ಮೇಲಿನ ಅಚ್ಚಿಗೇ ಅಂಟಿಕೊಂಡುಬಿಡುತ್ತದೆ. ಆಳು ಗಮನಿಸುವುದಿಲ್ಲ. ಮುಂದಿನ ಬಿಲ್ಲೆ ಇಡುತ್ತಾನೆ, ಏಟು ಹಾಕುತ್ತಾನೆ. ಆಗ ಹೊಸ ಬಿಲ್ಲೆಯ ಒಂದು ಬದಿಗೆ ರಾಜನ ಮುಖ ಸರಿಯಾಗಿ ಉಬ್ಬಿ ಬರುತ್ತದೆ. ಇನ್ನೊಂದು ಬದಿಗೂ ಅದೇ ಮುಖ, ಆದರೆ ತಿರುಗುಮುರುಗಾಗಿ, ತಗ್ಗಾಗಿ. ರೋಮಿನ ಬೆಳ್ಳಿ ದಿನಾರಗಳಲ್ಲಿ ಇಂಥವು ಬೇಕಾದಷ್ಟು ಸಿಕ್ಕಿವೆ. ಒಂದು ಕ್ಷಣ ಆಳಿನ ಗಮನ ಎತ್ತಲೋ ಹೋಗಿತ್ತು. ಆ ಕ್ಷಣ 2,000 ವರ್ಷ ಉಳಿದಿದೆ.

ಇವೆಲ್ಲ ಸುತ್ತಿಗೆಯವನ ತಪ್ಪು. ಅಚ್ಚು ಕೊರೆಯುವವನ ತಪ್ಪು ಬೇರೆ. ಅವನು ಎಲ್ಲವನ್ನೂ ಉಲ್ಟಾ ಕೊರೆಯಬೇಕು. ಅಕ್ಷರ ಬಿಡುತ್ತಾನೆ, ಅದಲುಬದಲು ಮಾಡುತ್ತಾನೆ, ಜಾಗ ಸಾಲದೆ ಮೊಟಕು ಮಾಡುತ್ತಾನೆ. ಅವನು ತಪ್ಪಿದರೆ ಒಂದು ನಾಣ್ಯವಲ್ಲ, ಆ ಅಚ್ಚು ಸವೆಯುವವರೆಗೆ ಬಂದ ಸಾವಿರಾರು ನಾಣ್ಯವೂ ತಪ್ಪೇ.

ಇನ್ನೊಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ಎಲ್ಲ ಭೇದವೂ ತಪ್ಪಲ್ಲ. ಕ್ರಿಸ್ತಪೂರ್ವ 20ರಲ್ಲಿ ಪೂರ್ವದ ಶತ್ರುಗಳಾದ ಪಾರ್ಥಿಯನ್ನರು ರೋಮಿನ ಸೇನೆಯ ಧ್ವಜಗಳನ್ನು ಹಿಂದಿರುಗಿಸಿದರು. 33 ವರ್ಷದ ಹಿಂದೆ ಕ್ಯಾರೆ ಎಂಬಲ್ಲಿ ರೋಮನ್ನರು ಸೋತು ಕಳೆದುಕೊಂಡಿದ್ದ ಧ್ವಜಗಳು. ಯುದ್ಧವಿಲ್ಲದೆ, ಮಾತುಕತೆಯಲ್ಲೇ ವಾಪಸು ಬಂದವು. ಚಕ್ರವರ್ತಿ ಆಗಸ್ಟಸ್ ಅದನ್ನು ದೊಡ್ಡ ಗೆಲುವೆಂದೇ ನಾಣ್ಯದ ಮೇಲೆ ಹಾಕಿಸಿದ. ಒಬ್ಬ ಪಾರ್ಥಿಯನ್ ಮಂಡಿಯೂರಿ ಧ್ವಜ ನೀಡುತ್ತಿದ್ದಾನೆ. ಸುತ್ತ, ಧ್ವಜಗಳು ವಾಪಸು ಬಂದವು ಎಂಬ ಬರಹ. ಈ ಗೆಲುವಿನ ಕೆಲವು ನಾಣ್ಯಗಳಲ್ಲಿ ಆ ಮಾತು ಪೂರ್ತಿ ಇದೆ, ಕೆಲವದರಲ್ಲಿ ಮೊಟಕಾಗಿದೆ. ಇದು ತಪ್ಪಲ್ಲ, ಬೇರೆ ಬೇರೆ ಅಚ್ಚಿನ ಬೇರೆ ಬೇರೆ ಬಗೆ. ಮಂಡಿಯೂರಿದ ಪಾರ್ಥಿಯನ್ ಮಾತ್ರ ಸುಳ್ಳು. ಅದು ಅಚ್ಚಿನವನ ತಪ್ಪಲ್ಲ, ಚಕ್ರವರ್ತಿಯ ಬುದ್ಧಿವಂತಿಕೆ.

ಇದುವರೆಗೆ ಹೇಳಿದ್ದಿಷ್ಟು. ಗೆದ್ದವನು ಬೇಗ ನಾಣ್ಯ ಹೊಡೆಸುತ್ತಾನೆ. ಸುತ್ತಿಗೆಯವನೂ ಅಚ್ಚಿನವನೂ ತಪ್ಪುತ್ತಾರೆ. ಬಗೆ ಬೇರೆ, ತಪ್ಪು ಬೇರೆ. ಈಗ ತಪ್ಪು ಏನನ್ನು ಬಿಟ್ಟುಕೊಡುತ್ತದೆ ನೋಡೋಣ.

ಕ್ರಿಸ್ತಶಕ 193. ರೋಮಿನಲ್ಲಿ ಒಂದೇ ವರ್ಷ ಹಲವು ಜನ ತಾವೇ ಚಕ್ರವರ್ತಿ ಎಂದರು. ಅವರಲ್ಲಿ ಇಬ್ಬರು ನಮಗೆ ಬೇಕು. ಒಬ್ಬ ಸೆಪ್ಟಿಮಿಯಸ್ ಸೆವೆರಸ್. ಇನ್ನೊಬ್ಬ ಸಿರಿಯಾದಲ್ಲಿ ಕೂತಿದ್ದ ಪೆಸೆನ್ನಿಯಸ್ ನೈಗರ್. ಮರುವರ್ಷ ಇಸ್ಸಸ್ ಎಂಬಲ್ಲಿ ಸೆವೆರಸ್ ಗೆದ್ದ, ನೈಗರ್ ಸತ್ತ. ಸೆವೆರಸ್ ಪೂರ್ವ ದೇಶದಲ್ಲೇ ಬೆಳ್ಳಿ ದಿನಾರ ಹೊಡೆಸಿದ. ಸೈನಿಕರಿಗೆ ಸಂಬಳ ಕೊಡಬೇಕಲ್ಲ.

ಆ ಪೂರ್ವದ ದಿನಾರಗಳ ಲ್ಯಾಟಿನ್ ನೋಡಿದರೆ ರೋಮಿನ ಮೇಷ್ಟರು ಕೋಲು ಹಿಡಿಯುತ್ತಿದ್ದರು. ಒಳ್ಳೆಯ ಭರವಸೆಗೆ ಎಂದು ಬರೆಯಬೇಕಾದ ಕಡೆ ಬೋನೇ ಸ್ಪೇಯಿ ಎಂದು ಒಂದು ಅಚ್ಚು ಸರಿಯಾಗಿ ಬರೆಯುತ್ತದೆ. ಇನ್ನೊಂದು ಬೋನಿ ಸ್ಪೆಸ್ ಎನ್ನುತ್ತದೆ. ಲಿಂಗವೂ ಕೆಟ್ಟಿತು, ವಿಭಕ್ತಿಯೂ ಕೆಟ್ಟಿತು. ಗೋವಾದ ವಾಸ್ಕೋ ಕಡೆ ಕನ್ನಡದ ಗಿರಾಕಿಗಳಿಗೆಂದು ಕನ್ನಡ ಬಾರದವರು ಬರೆಸಿದ ಅಂಗಡಿ ಬೋರ್ಡು ಓದಿದಾಗ ನಗು ಬರುತ್ತದಲ್ಲ, ಹಾಗೆ. ಸಿರಿಯಾದ ಅಚ್ಚಿನವನು ಗ್ರೀಕ್ ಬಲ್ಲವನು. ಲ್ಯಾಟಿನ್ ಅವನಿಗೆ ಆಳುವವರ ಭಾಷೆ, ಮನೆಮಾತಲ್ಲ. ಯಾರೋ ಬರೆದುಕೊಟ್ಟದ್ದನ್ನು ನೋಡಿ ಕೊರೆದಿದ್ದಾನೆ.

ಇಷ್ಟಕ್ಕೇ ಮುಗಿದಿದ್ದರೆ ಕಾಗುಣಿತದ ಮಾತಾಗುತ್ತಿತ್ತು. ಸ್ವಾರಸ್ಯ ಮುಂದಿದೆ. ಸೋತ ನೈಗರನ ದಿನಾರಗಳಲ್ಲಿ ಒಂದು ಬಗೆಯ ಮೇಲೆ ವಿಜಯಸ್ತಂಭದ ಚಿತ್ರವಿದೆ. ಶತ್ರುವಿನ ಕವಚ, ಶಿರಸ್ತ್ರಾಣಗಳನ್ನು ಕಂಬಕ್ಕೆ ತೊಡಿಸಿದ ಚಿತ್ರ. ಜೊತೆಗೆ, ಸೋಲಿಲ್ಲದ ಚಕ್ರವರ್ತಿಗೆ ಎಂಬ ಬರಹ. ಗೆದ್ದ ಸೆವೆರಸನ ಪೂರ್ವದ ದಿನಾರಗಳ ಮೇಲೂ ಅದೇ ಸ್ತಂಭ, ಅದೇ ಸೋಲಿಲ್ಲದ ಚಕ್ರವರ್ತಿ. ಒಳ್ಳೆಯ ಭರವಸೆಯೂ ಇಬ್ಬರ ನಾಣ್ಯದಲ್ಲೂ ಇದೆ. ದೊರೆ ಬದಲಾದ, ಹೊಗಳಿಕೆ ಬದಲಾಗಲಿಲ್ಲ. ಅಲ್ಲಿನ ಕಸುಬಿನವರು ಹಳೆಯ ಹೊಗಳಿಕೆಗೆ ಹೊಸ ಹೆಸರು ಸೇರಿಸಿ ಕೆಲಸ ಮುಂದುವರಿಸಿದ್ದಾರೆ ಎಂದೇ ನನಗೆ ಕಾಣುತ್ತದೆ. ಇತಿಹಾಸದ ಪುಸ್ತಕ ಸೆವೆರಸ್ ಶತ್ರುವಿನ ಬೇರು ಕಿತ್ತ ಎನ್ನುತ್ತದೆ. ನಾಣ್ಯದ ತಪ್ಪು ಲ್ಯಾಟಿನ್ ಬೇರೆಯೇ ಹೇಳುತ್ತದೆ. ಶತ್ರುವಿನ ಕಡೆಯವರಿಲ್ಲದೆ ಅವನಿಗೆ ಸಂಬಳ ಬಟವಾಡೆ ಮಾಡಲೂ ಆಗುತ್ತಿರಲಿಲ್ಲ.

ರೋಮಿನ ದಿನಾರ ನಮಗೆ ದೂರದ ವಸ್ತುವಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲು ಹಾದಿಗೆ ಮಣ್ಣು ಅಗೆದಾಗ ಸುಮಾರು 160 ದಿನಾರ ಸಿಕ್ಕವು. 1965ರಲ್ಲಿ ಎಚ್‌ಎಎಲ್ ಕಡೆ ಇನ್ನೂ 250ಕ್ಕೂ ಮಿಕ್ಕಿ ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ. ಎಚ್. ಕೃಷ್ಣ 1929ರಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದರು. ಅಲ್ಲೂ ಆಗಸ್ಟಸ್ ಮತ್ತು ಅವನ ನಂತರದ ಚಕ್ರವರ್ತಿ ಟೈಬೀರಿಯಸರ ದಿನಾರ ಇದ್ದವು. ಮೆಣಸು ಕೊಂಡವರು ಬಿಟ್ಟುಹೋದ ಬೆಳ್ಳಿ. ನಮ್ಮ ವ್ಯಾಪಾರಿಗೆ ಯಾರು ಯಾರನ್ನು ಗೆದ್ದರು ಎಂಬುದು ಬೇಕಿರಲಿಲ್ಲ. ಬೆಳ್ಳಿ ಒಳ್ಳೆಯದೋ ಅಲ್ಲವೋ ಅಷ್ಟೇ. ಅದಕ್ಕೇ ಭಾರತದಲ್ಲಿ ದಿನಾರದ ನಕಲುಗಳೂ ಆದವು. ಮುಖ ಸುಮಾರಾಗಿ ಹೋಲುತ್ತದೆ. ಸುತ್ತಲಿನ ಬರಹ ಮಾತ್ರ ಬರೀ ಗೀಟು, ಸೊನ್ನೆ.

ದಿನಾರ ಬಂತು, ನಕಲೂ ಆಯಿತು. ಇನ್ನು ನಮ್ಮ ನೆಲದ್ದೇ ಒಂದು ಗೆಲುವಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನನ್ನ ಮಟ್ಟಿಗೆ ಇಡೀ ಭಾರತದ ನಾಣ್ಯ ಚರಿತ್ರೆಯಲ್ಲಿ ಇದರಷ್ಟು ಮಾತಾಡುವ ನಿಧಿ ಇನ್ನೊಂದಿಲ್ಲ.

1906ರಲ್ಲಿ ನಾಸಿಕದ ಹತ್ತಿರ ಜೋಗಲಥೆಂಬಿ ಎಂಬ ಹಳ್ಳಿಯಲ್ಲಿ ಒಂದು ನಿಧಿ ಸಿಕ್ಕಿತು. ಬೆಳ್ಳಿ ನಾಣ್ಯ 13,000ಕ್ಕೂ ಹೆಚ್ಚು. ಎಲ್ಲವೂ ನಹಪಾನನವು. ನಹಪಾನ ಪಶ್ಚಿಮ ಭಾರತವನ್ನೂ ಕೊಂಕಣದ ಬಂದರುಗಳನ್ನೂ ಆಳಿದ ಶಕ ಕ್ಷತ್ರಪ, ಕ್ಷಹರಾತ ಮನೆತನದವನು. ಅವನನ್ನು ಸೋಲಿಸಿದವನು ಶಾತವಾಹನರ ಗೌತಮಿಪುತ್ರ ಶಾತಕರ್ಣಿ. ನಾಸಿಕದ ಗುಹೆಯಲ್ಲಿ ಗೌತಮಿಪುತ್ರನ ತಾಯಿ ಬಲಶ್ರೀ ಬರೆಸಿದ ಶಾಸನವಿದೆ. ಮಗ ಕ್ಷಹರಾತರನ್ನು ಹೇಳಹೆಸರಿಲ್ಲದಂತೆ ಮಾಡಿದ ಎಂದು ಆ ತಾಯಿ ಹೆಮ್ಮೆಪಡುತ್ತಾಳೆ. ಅವನ ನಾಡುಗಳ ಪಟ್ಟಿಯಲ್ಲಿ ಅಪರಾಂತವೂ ಇದೆ. ಅಪರಾಂತ ಎಂದರೆ ಕೊಂಕಣ ಕರಾವಳಿ.

ಗೆದ್ದ ಶಾತಕರ್ಣಿ ಏನು ಮಾಡಿದ? ಶತ್ರುವಿನ ಬೆಳ್ಳಿಯನ್ನು ಕರಗಿಸಲಿಲ್ಲ. ಅದರ ಮೇಲೇ ತನ್ನ ಅಚ್ಚು ಹೊಡೆಸಿದ. ನಿಧಿಯ 13,000 ನಾಣ್ಯದಲ್ಲಿ 9,000ಕ್ಕೂ ಮಿಕ್ಕಿದ ನಾಣ್ಯಗಳು ಹೀಗೆ ಮರುಅಚ್ಚಾದವು.

ಅಂಥ ಒಂದು ನಾಣ್ಯ ನಿಮ್ಮ ಅಂಗೈಯಲ್ಲಿದೆ ಎಂದುಕೊಳ್ಳಿ. ಹೆಬ್ಬೆಟ್ಟಿನ ಉಗುರಿಗಿಂತ ತುಸು ಅಗಲ. ತೂಕ ಎರಡು ಗ್ರಾಂ ಆಸುಪಾಸು. ಮೇಲೆ ಕಮಾನುಗಳನ್ನು ಒಂದರ ಮೇಲೊಂದು ಪೇರಿಸಿದಂಥ ಬೆಟ್ಟ, ಅದರಡಿ ಅಲೆಯಂತೆ ಓಡುವ ಗೆರೆ. ಸುತ್ತ ಬ್ರಾಹ್ಮಿಯಲ್ಲಿ ಗೌತಮಿಪುತ್ರ ಶ್ರೀ ಶಾತಕರ್ಣಿಯ ಹೆಸರು. ಈಗ ನಾಣ್ಯವನ್ನು ಬೆಳಕಿಗೆ ಓರೆ ಹಿಡಿಯಿರಿ. ಬೆಟ್ಟದ ಪಕ್ಕದಲ್ಲಿ ಒಂದು ಮೂಗು ಕಾಣುತ್ತದೆ. ಕಮಾನಿನ ಸಂದಿಯಲ್ಲಿ ಒಂದು ಕಣ್ಣು. ಅದು ನಹಪಾನನ ಮುಖ. ಹಿಂದೆ ತಿರುಗಿಸಿದರೆ ಉಜ್ಜಯಿನಿ ಚಿಹ್ನೆ, ಅಂದರೆ ಅಡ್ಡ ಉದ್ದ ಎರಡು ಗೀಟು, ನಾಲ್ಕು ತುದಿಗೂ ಒಂದೊಂದು ವೃತ್ತ. ಅದರ ಅಡಿಯಿಂದ ನಹಪಾನನ ಬಾಣ ಇಣುಕುತ್ತದೆ, ವಜ್ರಾಯುಧ ಇಣುಕುತ್ತದೆ. ಏಟು ಜೋರಾಗಿ ಬಿದ್ದ ಕಡೆ ಸೋತವನು ಅಳಿಸಿಹೋಗಿದ್ದಾನೆ. ಏಟು ಸಡಿಲವಾದ ಕಡೆ ಉಳಿದುಕೊಂಡಿದ್ದಾನೆ. ಹೇಳಹೆಸರಿಲ್ಲ ಎಂದು ಶಾಸನ ಹೇಳಿತು. ನಾಣ್ಯದಲ್ಲಿ ಹೆಸರೂ ಇದೆ, ಮುಖವೂ ಇದೆ.

ಇಲ್ಲಿ ಅವಸರ ಯಾಕೆ ಎಂದು ಕೇಳಬಹುದು. ಕರಗಿಸಿ, ಬಿಲ್ಲೆ ಮಾಡಿ, ತೂಗಿ ಮತ್ತೆ ಹೊಡೆಯುವುದಕ್ಕೆ ಇದ್ದಿಲು ಬೇಕು, ಕೈ ಬೇಕು, ದಿನ ಬೇಕು. ಬಂದರಿನ ವ್ಯಾಪಾರಿಗಳಿಗೆ ನಹಪಾನನ ತೂಕದ ಬೆಳ್ಳಿಯೇ ರೂಢಿ. ಆ ತೂಕ ಇಟ್ಟುಕೊಂಡು ಮೇಲೆ ಗುರುತು ಒತ್ತಿದರೆ ವ್ಯಾಪಾರವೂ ನಿಲ್ಲುವುದಿಲ್ಲ, ಗೆದ್ದವರಾರು ಎಂಬುದೂ ಊರೂರಿಗೆ ಗೊತ್ತಾಗುತ್ತದೆ. ಅಲ್ಬುಕರ್ಕನ ಲೆಕ್ಕವೂ ಇದಕ್ಕಿಂತ ಬಹಳ ದೂರವಿರಲಿಲ್ಲ.

ಮರುಅಚ್ಚಿನ ಮಾತಾಯಿತು. ಅದರಡಿಯ ನಹಪಾನನ ನಾಣ್ಯದಲ್ಲೇ ಇನ್ನೊಂದು ತಪ್ಪಿನ ಕತೆ ಇದೆ. ಅವನ ನಾಣ್ಯದ ಮುಖಭಾಗ ರೋಮಿನ ದಿನಾರದ ಮಾದರಿಯದು ಎಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ. ಅದೇ ರೀತಿ ಬಲಕ್ಕೆ ನೋಡುವ ತಲೆ, ಸುತ್ತ ಬರಹ. ಹಿಂಬದಿಯಲ್ಲಿ ಬ್ರಾಹ್ಮಿ ಮತ್ತು ಖರೋಷ್ಠಿ. ಮುಂಬದಿಯಲ್ಲಿ ಗ್ರೀಕ್. ಆದರೆ ಆ ಗ್ರೀಕ್ ಬಹಳ ನಾಣ್ಯಗಳಲ್ಲಿ ಓದಲಿಕ್ಕೇ ಬಾರದು. ಅಕ್ಷರ ಬಿಟ್ಟಿದೆ, ಮಗುಚಿದೆ, ಬರೀ ಅಲಂಕಾರವಾಗಿದೆ. ಕೊರೆದವನಿಗೆ ಗ್ರೀಕ್ ಬರುತ್ತಿರಲಿಲ್ಲ.

ಜೋಗಲಥೆಂಬಿ ನಿಧಿಯನ್ನು ಪರೀಕ್ಷಿಸಿದವರು ಪಾದ್ರಿ ಎಚ್. ಆರ್. ಸ್ಕಾಟ್. ಸಾವಿರಾರು ನಾಣ್ಯ ಒಟ್ಟಿಗೆ ಕೈಗೆ ಸಿಕ್ಕಾಗ ಅವರಿಗೆ ಒಂದು ದಾರಿ ತೆರೆಯಿತು. ಒಂದರಲ್ಲಿ ಸರಿಯಾಗಿ ಉಳಿದ ಅಕ್ಷರ, ಇನ್ನೊಂದರಲ್ಲಿ ಉಳಿದ ಅಕ್ಷರ, ಹೀಗೆ ಕೂಡಿಸಿದರೆ ಪೂರ್ತಿ ಸಾಲು ಸಿಗುತ್ತದೆ. ಅದು ಗ್ರೀಕ್ ಭಾಷೆಯ ಮಾತಲ್ಲ. ಕ್ಷಹರಾತ ನಹಪಾನ ರಾಜನದು ಎಂಬ ನಮ್ಮ ಪ್ರಾಕೃತದ ಮಾತನ್ನೇ ಗ್ರೀಕ್ ಲಿಪಿಯಲ್ಲಿ ಬರೆದದ್ದು. ಎಲ್ಲ ಅಚ್ಚೂ ಒಂದೇ ರೀತಿ ತಪ್ಪಿದ್ದರೆ ಇದು ಎಂದಿಗೂ ಹೊರಬೀಳುತ್ತಿರಲಿಲ್ಲ. ಬೇರೆ ಬೇರೆಯಾಗಿ ತಪ್ಪಿದ್ದರಿಂದ ಸರಿಯಾದದ್ದು ಸಿಕ್ಕಿತು.

ಸ್ಕಾಟ್ ಇನ್ನೊಂದು ಸಂಗತಿ ಗಮನಿಸಿದರು. ಮುಖಗಳೂ ಒಂದೇ ಅಲ್ಲ. ಒಂದು ಎಳೆಯ ಮುಖ, ಒಂದು ಮುದಿ ಮುಖ, ಒಂದಕ್ಕೆ ಗಿಣಿಮೂಗು, ಇನ್ನೊಂದಕ್ಕೆ ಮೊಂಡುಮೂಗು. ಹೆಸರು ಎಲ್ಲದರಲ್ಲೂ ನಹಪಾನ. ಮನೆತನದ ಬೇರೆ ಬೇರೆಯವರ ಮುಖ ಇರಬಹುದೇ ಎಂದು ಅವರು ಕೇಳಿದರು. ನನಗೆ ಅಷ್ಟು ದೂರ ಹೋಗಬೇಕೆನಿಸುವುದಿಲ್ಲ. ರಾಜನನ್ನು ಕಣ್ಣಾರೆ ಕಾಣದ ಅಚ್ಚಿನವರು ತಂತಮ್ಮ ಕೈಗೆ ಬಂದ ಮೂಗು ಕೊರೆದರು ಎಂದರೆ ಸಾಕು.

ಮತ್ತೆ ಗೋವಾಕ್ಕೆ ಬರೋಣ. ಇಲ್ಲಿನ ಕದಂಬ ದೊರೆಗಳ ನಾಣ್ಯ ಚಿನ್ನದ್ದು. ಸಿಂಹದ ಚಿತ್ರ, ಸಪ್ತಕೋಟೀಶ್ವರನ ವರಪ್ರಸಾದ ಪಡೆದವನು ಎಂಬ ನಾಗರಿ ಬರಹ.  ಪೋರ್ಚುಗೀಸರು ಇಲ್ಲೇ ಬೆಳ್ಳಿಯಲ್ಲೂ ನಾಣ್ಯ ಹೊಡೆದರು. ಮುಂದೆ 1600ರ ಆಚೀಚೆ ಇಲ್ಲಿ ಹೊಡೆದ ತಂಗ ಎಂಬ ಬೆಳ್ಳಿ ನಾಣ್ಯಗಳನ್ನು ನೋಡಿದರೆ ಸುತ್ತಿಗೆಯವನ ಅವಸರ ಹಾಗೇ ಇದೆ. ಅಂಚು ಅಂಕುಡೊಂಕು. ರಾಜಲಾಂಛನ ಓರೆ. ಲಾಂಛನದ ಎಡಬಲಕ್ಕೆ ಗೋವಾದ ಗುರುತಾಗಿ ಜಿ ಮತ್ತು ಎ ಎಂಬ ಎರಡು ಅಕ್ಷರ ಇರಬೇಕು. ಏಟು ಒಂದು ಕಡೆ ಸರಿದರೆ ಒಂದು ಅಕ್ಷರ ಹೋಯಿತು. ವರ್ಷದ ಅಂಕಿಯೂ ಹೋಯಿತು. ಆಗ ಅದು ಗೋವಾದ್ದೋ ಬೇರೆ ಕೋಟೆಯದೋ ಎಂದು ಹೇಳಲು ಅದೇ ಅಚ್ಚಿನ ಇನ್ನೊಂದು ನಾಣ್ಯವೇ ಬೇಕು.

ಇಂಥ ನಾಣ್ಯಗಳನ್ನು ಗುರುತಿಸುವ ಈ ಕೆಲಸಕ್ಕೆ ಗೋವಾದವರೇ ಒಬ್ಬರು ಬುನಾದಿ ಹಾಕಿದರು. ಬಾರ್ದೇಸಿನ ಅರ್ಪೋರಾದಲ್ಲಿ 1844ರಲ್ಲಿ ಹುಟ್ಟಿದ ಜೋಸೆ ಗೆರ್ಸನ್ ದ ಕುನ್ಹಾ. ಮುಂಬಯಿಯಲ್ಲಿ ವೈದ್ಯರಾಗಿದ್ದರು. 1880ರಲ್ಲಿ ಇಂಡೋ-ಪೋರ್ಚುಗೀಸ್ ನಾಣ್ಯಗಳ ಬಗ್ಗೆ ಪುಸ್ತಕ ಬರೆದರು. ಅಲ್ಬುಕರ್ಕನ ಎಸ್ಪೆರಾದಿಂದ ಹಿಡಿದು ಒಂದೊಂದನ್ನೂ ದಾಖಲಿಸಿದರು. ಈ ವಿಷಯಕ್ಕೆ ಬರುವವರು ಇಂದಿಗೂ ಅವರ ಬಾಗಿಲು ದಾಟಿಯೇ ಬರಬೇಕು.

ಕೊನೆಗೆ ಇವತ್ತಿನ ಸಂತೆಯ ಮಾತು. ತಪ್ಪು ಅಚ್ಚಿನ ನಾಣ್ಯಕ್ಕೆ ಈಗ ಬೆಲೆ ಬಂದಿದೆ. ಬೆಲೆ ಬಂದಲ್ಲಿ ಮೋಸವೂ ಬರುತ್ತದೆ. ಅರದಿಂದ ಉಜ್ಜಿ ಅಕ್ಷರ ಅಳಿಸಿ, ಅಪರೂಪದ ತಪ್ಪು ಎಂದು ಮಾರುತ್ತಾರೆ. ಸವೆದದ್ದು ಬೇರೆ, ತಪ್ಪಿದ್ದು ಬೇರೆ. ಸುತ್ತಿಗೆಯ ಏಟಿನಲ್ಲಿ ಹುಟ್ಟಿದ ತಪ್ಪಿನ ಅಂಚಿನಲ್ಲಿ ಲೋಹ ಮೆತ್ತಗೆ ಹರಿದಂತಿರುತ್ತದೆ. ಅರ ಹಾಕಿದ್ದರೆ ಸಣ್ಣ ಗೀರುಗಳು ಸಾಲಾಗಿ ಕಾಣುತ್ತವೆ. ಒಂದು ಭೂತಗನ್ನಡಿ ಇದ್ದರೆ ಸಾಕು.

ಇನ್ನು ನಿಮ್ಮಲ್ಲಿ ತೋಟ ಇರುವವರು, ಮನೆ ಕಟ್ಟಿಸಲು ಪಾಯ ತೋಡಿಸುವವರು ಇದ್ದೀರಿ. ಮಣ್ಣಿನಲ್ಲಿ ಹಳೆಯ ನಾಣ್ಯ ಕಂಡರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ನಾಣ್ಯದ ಮೇಲಿನ ಕಪ್ಪು ಪದರದ ಕೆಳಗೇ ಹಳೆಯ ಅಚ್ಚಿನ ಗೆರೆ ಉಳಿದಿರುತ್ತದೆ. ಚೆನ್ನಾಗಿರುವುದನ್ನು ಇಟ್ಟುಕೊಂಡು ಓರೆಕೋರೆಯದನ್ನು ಅಕ್ಕಸಾಲಿಗರಿಗೆ ಕೊಡುವ ಅಭ್ಯಾಸವೂ ಇದೆ. ಅದನ್ನೂ ಬಿಡಿ. ಎಲ್ಲವನ್ನೂ ಒಟ್ಟಿಗೆ, ಸಿಕ್ಕಿದ ಮಡಕೆಯ ಸಮೇತ ಇಟ್ಟು ಜಿಲ್ಲಾಧಿಕಾರಿಗಳಿಗೆ ತಿಳಿಸಿ. 1878ರ ನಿಧಿ ಕಾಯಿದೆ ಹೇಳುವುದೂ ಅದನ್ನೇ. ಕರ್ನಾಟಕದಲ್ಲಿ ಇದಕ್ಕೆ 1962ರ ತನ್ನದೇ ಕಾಯಿದೆ ಇದೆ. ಸಿಕ್ಕಿದವರ ಪಾಲಿಗೂ ಕಾನೂನಿನಲ್ಲಿ ಜಾಗ ಇದೆ. ಅರ್ಜಿ ಒಂದು ಹಾಳೆಯಷ್ಟು ಬರೆದರೆ ಸಾಕು. ಸಿಕ್ಕಿದ ಜಾಗ, ದಿನ, ಎಷ್ಟು ನಾಣ್ಯ ಎಂಬುದನ್ನು ಮರೆಯದೆ ಬರೆಯಿರಿ.